ಸಾಲಕ್ಕೆ ಮುನ್ನ ಸುಲಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿರತಕ್ಕದ್ದು. ಕಡಲೆಕಾಯಿ ಬಿತ್ತನೆಗೆ ಹಣವಿಲ್ಲದ ರೈತನಿಗೂ, ಅಂಗಡಿಗೆ ಸರಕು ತುಂಬಬೇಕಾದ ಸಣ್ಣ ವರ್ತಕನಿಗೂ ಸಾಲವು ಅನಿವಾರ್ಯ. ಈ ಅಗತ್ಯವನ್ನು ಬ್ಯಾಂಕುಗಳಿಗಿಂತ ವಂಚಕರೇ ಚೆನ್ನಾಗಿ ಅರಿತಿರುವರೆಂಬುದು ವಿಷಾದದ ಸಂಗತಿ.

ಇವರ ಕ್ರಮವು ಸರಳವಾದುದು. ಸಾಲ ಮಂಜೂರಾಗಿದೆಯೆಂದು ದೂರವಾಣಿಯಲ್ಲಿ ಸುದ್ದಿ ಬರುವುದು. ಬೆನ್ನಿಗೇ ಮೊಹರು, ರುಜುಗಳುಳ್ಳ ಪತ್ರವೊಂದು ವಾಟ್ಸಾಪಿನಲ್ಲಿ ಬರುವುದು. ಜಾಮೀನು ಬೇಡ, ಪಹಣಿ ಬೇಡ. ಪರಿಶೀಲನಾ ಶುಲ್ಕವೆಂದು ಕೆಲವು ಸಾವಿರ ರೂಪಾಯಿಗಳನ್ನು ಮೊದಲು ಕಳುಹಿಸಿದರೆ ಸಾಕು. ಅದು ಸಂದಾಯವಾದೊಡನೆ ವಿಮೆಯ ಹಣ, ಅನಂತರ ಜಿ.ಎಸ್.ಟಿ., ಅನಂತರ ಮೊದಲನೆಯ ಕಂತು. ಕೊಟ್ಟದ್ದು ವ್ಯರ್ಥವಾದೀತೆಂಬ ಭಯದಿಂದಲೇ ಬಡವನು ಮತ್ತೆ ಮತ್ತೆ ಕೊಡುತ್ತಾನೆ. ಕಡೆಗೆ ಸಾಲವೂ ಇಲ್ಲ, ಕಂಪನಿಯೂ ಇಲ್ಲ.

ಪ್ರಧಾನಮಂತ್ರಿ ಮುದ್ರಾ ಯೋಜನೆಯ ಹೆಸರಿನಲ್ಲಿ, 4,500 ರೂಪಾಯಿ ಕಟ್ಟಿದರೆ 10 ಲಕ್ಷ ರೂಪಾಯಿ ಸಾಲವೆಂಬ ಪತ್ರವೊಂದು ದೇಶದಲ್ಲೆಲ್ಲಾ ಹರಡಿದಾಗ, ಅದು ಖೋಟಾ ಎಂದು ಕೇಂದ್ರ ಸರ್ಕಾರದ ಪ್ರೆಸ್ ಇನ್ಫರ್ಮೇಷನ್ ಬ್ಯೂರೋ 2022ರಲ್ಲಿ ಸಾರಬೇಕಾಯಿತು. ಮುದ್ರಾ ಸಂಸ್ಥೆಯು ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ, ಬ್ಯಾಂಕು ಮೊದಲಾದವುಗಳ ಮೂಲಕವೇ ಕೊಡಿಸುತ್ತದೆ ಎಂಬುದನ್ನು ಎಷ್ಟು ಮಂದಿ ಬಲ್ಲರು? ಸ್ವರಾಜ್ಯವನ್ನು ಸಂಪಾದಿಸಿದ ಜನರು ಸರ್ಕಾರದ ಹೆಸರಿನಲ್ಲಿಟ್ಟಿರುವ ವಿಶ್ವಾಸವನ್ನೇ ಈ ದ್ರೋಹಿಗಳು ಬಂಡವಾಳ ಮಾಡಿಕೊಂಡಿದ್ದಾರೆ.

ಕಾನೂನು ಇಲ್ಲವೆಂದಲ್ಲ. ಕಿರುಸಾಲ ಕೊಟ್ಟು ಪೀಡಿಸುವವರನ್ನು ತಡೆಯಲು ನಮ್ಮ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು, ಅದು ಯುಕ್ತವೇ. ಆದರೆ ಇಲ್ಲಿ ಪ್ರಸ್ತುತನಾದವನು ಸಾಲವನ್ನೇ ಕೊಡದೆ ಸುಲಿಯುವವನು. ಅವನಿಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು; ಏಳು ವರ್ಷಗಳವರೆಗೆ ಸೆರೆವಾಸ. ಕಳ್ಳನು ಸಿಕ್ಕಿದರೆ ತಾನೆ! ಅವನ ಖಾತೆ ಒಂದು ರಾಜ್ಯದಲ್ಲಿ, ದೂರವಾಣಿ ಇನ್ನೊಂದರಲ್ಲಿ.

ಆದುದರಿಂದ ಮೊದಲೇ ತಡೆಯುವುದು ಲೇಸು, ಮತ್ತು ಈ ಭಾರವನ್ನು ಬ್ಯಾಂಕಿನ ಅಧಿಕಾರಿಗಳು ಹೊರಬೇಕು. ಸಾಚಾ ಸಂಸ್ಥೆಗಳು ಶುಲ್ಕವನ್ನೇ ಕೇಳುವುದಿಲ್ಲವೆಂದು ನಾವು ಹೇಳೆವು. ಆದರೆ ಅವು ಬಡ್ಡಿ, ಶುಲ್ಕಗಳನ್ನೆಲ್ಲ ಒಂದು ವಿವರಪತ್ರದಲ್ಲಿ ಕಾಣಿಸಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಅದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಿಳಿಯುವ ಭಾಷೆಯೆಂದರೆ ನಮ್ಮಲ್ಲಿ ಕನ್ನಡವಲ್ಲದೆ ಮತ್ತಾವುದು? ಅಂತಹ ಕನ್ನಡದ ಪತ್ರವನ್ನು ಕಣ್ಣಾರೆ ಕಂಡವನಿಗೆ ಯಾರೋ ಒಬ್ಬನ ಸ್ವಂತ ಖಾತೆಗೆ ಹಣ ಬೇಡುವ ಕಾಗದವು ಖೋಟಾ ಎಂದು ತಾನಾಗಿಯೇ ಹೊಳೆಯುವುದು. ಅರ್ಜಿ ಹಿಡಿದು ಬಂದವನನ್ನು "ನಾಳೆ ಬಾ" ಎಂದು ತಿಂಗಳುಗಟ್ಟಲೆ ಅಲೆಸುವ ಮೇಜಿನ ಮುಂದೆಯೇ ವಂಚಕನ ಗಿರಾಕಿಯು ಹುಟ್ಟುತ್ತಾನೆಂಬುದನ್ನೂ ಅಧಿಕಾರಿವರ್ಗದವರು ಸಾವಧಾನವಾಗಿ ಆಲೋಚಿಸಲಿ. ಪಂಚಾಯಿತಿ ಕಚೇರಿಗಳ ಗೋಡೆಗಳ ಮೇಲೆ ಮಂತ್ರಿಗಳ ಚಿತ್ರಗಳಿಗೆ ಸ್ಥಳವಿರುವಾಗ ಇದನ್ನು ಕುರಿತ ಒಂದು ಎಚ್ಚರಿಕೆಯ ಹಲಗೆಗೂ ಇರಬೇಕಷ್ಟೆ.

ಕಂಪನಿಯ ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೆಂದು ಮಾತ್ರಕ್ಕೆ ನಂಬತಕ್ಕದ್ದಲ್ಲ. ನಿಜವಾದ ಕಂಪನಿಗಳ ಹೆಸರನ್ನೇ ಕದಿಯುವವರಿದ್ದಾರೆ. ಆ ಕಂಪನಿಯ ಶಾಖೆಗೇ ಹೋಗಿ ವಿಚಾರಿಸುವುದು ಕ್ಷೇಮ.

ಹಣ ಹೋದವರು ನಾಚಿಕೆಯಿಂದ ಮನೆಯಲ್ಲಿ ಕುಳಿತಿರಬಾರದು. ಪಾವಗಡದಿಂದ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಹಣವು ಹತ್ತು ಖಾತೆಗಳನ್ನು ದಾಟಿರುತ್ತದೆ. ಕೂಡಲೇ 1930ಕ್ಕೆ ಕರೆ ಮಾಡಿದರೆ, ಇನ್ನೂ ಖಾತೆಯಲ್ಲಿ ಉಳಿದ ಹಣವನ್ನು ತಡೆಹಿಡಿಸುವ ಏರ್ಪಾಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಫಿರ್ಯಾದು ಕೊಡಬಹುದು. ಸರಹದ್ದಿನ ನೆಪವೊಡ್ಡಿ ಹಿಂದಕ್ಕೆ ಕಳುಹಿಸಲು ಯಾವ ಠಾಣಾಧಿಕಾರಿಗೂ ಅಧಿಕಾರವಿಲ್ಲ.