ನಿಂತ ಕಾರಿಗೆ ಓಡುವ ದಂಡ



ನಮ್ಮ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನಿಂತಿರುವ ಬಿಳಿಯ ಮಾರುತಿ 800 ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 2007ರ ಜೂನ್ ತಿಂಗಳಿನಲ್ಲಿ ಭವಿಷ್ಯ ನಿಧಿಯಿಂದ ಮುಂಗಡ ಪಡೆದು ಕೊಂಡ ವಾಹನವದು. ಕೆಎ-27 ಎಂಬ ಹಾವೇರಿ ಜಿಲ್ಲೆಯ ಗುರುತನ್ನು ಹೊತ್ತು ಬಂದ ದಿನ ನಮ್ಮ ಓಣಿಗೆಲ್ಲ ಪೇಢೆ ಹಂಚಿದ್ದೆವು. ಮೌಲ್ಯಮಾಪನ ಕೇಂದ್ರಕ್ಕೆ, ಬ್ಯಾಡಗಿಯ ತಂಗಿಯ ಮನೆಗೆ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದೊಯ್ಯುವುದಕ್ಕೆ ಅದು ಹದಿಮೂರು ವರ್ಷ ದುಡಿಯಿತು. 2020ರಲ್ಲಿ ಕೊರೊನಾ ಬಂದು ಎಲ್ಲರನ್ನೂ ಮನೆಯಲ್ಲಿ ಕೂರಿಸಿದಾಗ ಅದೂ ನಿಂತಿತು. ಮರುವರ್ಷ ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ವಾಹನ ನಡೆಸುವುದನ್ನು ನಾನಾಗಿಯೇ ಬಿಟ್ಟೆ. ಬ್ಯಾಟರಿ ತೆಗೆಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆವು. ಈಗ ಅದರ ಹಿಂದಿನ ಆಸನದ ಮೇಲೆ ಗೋವಿನಜೋಳದ ಖಾಲಿ ಚೀಲಗಳಿವೆ.

2025ರ ಜೂನ್ ತಿಂಗಳಿನಲ್ಲಿ ನನ್ನ ತಂಗಿಯ ಮಗ ಬಂದು, "ಮಾಮಾ, ಗಾಡಿ ಇನ್ನೂ ಗಟ್ಟಿ ಐತಿ, ನಾ ರಿಪೇರಿ ಮಾಡಸ್ತೀನಿ, ನೀವು ಕಾಗದ ಅಷ್ಟ ಸರಿ ಮಾಡಿಸಿಕೊಡ್ರಿ" ಎಂದ. ಕಾಗದ ನೋಡಿದೆ. ಹದಿನೈದು ವರ್ಷಗಳ ನೋಂದಣಿ 2022ರ ಜೂನ್‌ನಲ್ಲೇ ಮುಗಿದಿತ್ತು. ಆ ದಿನಾಂಕವನ್ನು ಗಮನಿಸದೆ ಹೋದದ್ದು ನನ್ನ ತಪ್ಪು. ವಿದ್ಯಾರ್ಥಿಗಳ ಹಾಜರಿ ಪುಸ್ತಕವನ್ನು ಮೂವತ್ತು ವರ್ಷ ತಿದ್ದಿದವನು ತನ್ನ ಕಾರಿನ ದಿನಾಂಕವನ್ನು ಮರೆತನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸಂಬಂಧಪಟ್ಟ ಕಚೇರಿಗೆ ಹೋದೆ. ಗಣಕಯಂತ್ರ ತೋರಿಸಿದ ಲೆಕ್ಕ ಹೀಗಿತ್ತು: ನವೀಕರಣ ಶುಲ್ಕ 5,000 ರೂಪಾಯಿ, ಹಸಿರು ತೆರಿಗೆ 500 ರೂಪಾಯಿ, ವಿಳಂಬಕ್ಕೆ ತಿಂಗಳಿಗೆ 500ರಂತೆ ಮೂವತ್ತಾರು ತಿಂಗಳಿಗೆ 18,000 ರೂಪಾಯಿ. ಒಟ್ಟು 23,500. ಗುಜರಿಯವನು ಇಡೀ ಕಾರಿಗೆ ಕೊಡುತ್ತೇನೆಂದದ್ದು 20,000.

"ತಮ್ಮಾ, ಈ ಕಾರು ಮೂರು ವರ್ಷ ಹಿತ್ತಲು ಬಿಟ್ಟು ಹೊರಗೆ ಬಂದಿಲ್ಲ" ಎಂದೆ.

ಗುಮಾಸ್ತರು ಸಭ್ಯರು. "ಸರ್, ಗಾಡಿ ಓಡಿಸೀರೋ ನಿಲ್ಲಿಸೀರೋ ಕಂಪ್ಯೂಟರಿಗೆ ಗೊತ್ತಾಗೂದಿಲ್ರಿ. ಅದಕ್ಕ ತಾರೀಖು ಅಷ್ಟ ಗೊತ್ತಾಗತೈತಿ" ಎಂದರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ತಕರಾರು ಇರುವುದೂ ಅದರ ಮೇಲೆಯೇ.

ಪೌರನೀತಿಯ ಪಾಠದಲ್ಲಿ ತೆರಿಗೆ, ಶುಲ್ಕ, ದಂಡ ಎಂಬ ಮೂರು ಪದಗಳನ್ನು ಕರಿಹಲಗೆಯ ಮೇಲೆ ಬರೆದು ವ್ಯತ್ಯಾಸ ಹೇಳಿಸುತ್ತಿದ್ದುದು ನಿಮಗೆ ನೆನಪಿರಬೇಕು. ತೆರಿಗೆಯು ಸಮಸ್ತರ ಹಿತಕ್ಕಾಗಿ ಕೊಡುವುದು. ಶುಲ್ಕವು ಪಡೆದ ಸೇವೆಗೆ ಕೊಡುವುದು. ದಂಡವು ಮಾಡಿದ ತಪ್ಪಿಗೆ ತೆರುವುದು. ಈ ಮೂರನ್ನೂ ನನ್ನ ಕಾರಿಗೆ ಹಚ್ಚಿ ನೋಡೋಣ.

ಮೊದಲನೆಯದು ತೆರಿಗೆ. ಕೊಳ್ಳುವಾಗಲೇ ನಾನು ಜೀವಿತಾವಧಿ ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಿದ್ದೇನೆ. ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ 1957ರದು. ಅದು ತೆರಿಗೆ ವಿಧಿಸುವುದು ರಸ್ತೆಯ ಮೇಲೆ ಬಳಸಲು ಯೋಗ್ಯವಾದ ವಾಹನಗಳಿಗೆ. ರಸ್ತೆ ಸವೆಸುವವನು ರಸ್ತೆಗೆ ಕೊಡಬೇಕು ಎಂಬ ನ್ಯಾಯ ಅದರ ಹಿಂದಿದೆ. ಬೊಲಾನಿ ಓರ್ಸ್ ಪ್ರಕರಣದಲ್ಲಿ ಗಣಿಯ ಆವರಣದೊಳಗೇ ದುಡಿಯುವ ಯಂತ್ರವಾಹನಗಳ ತೆರಿಗೆಯ ಪ್ರಶ್ನೆ ಬಂದಾಗ, 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನ್ಯಾಯವನ್ನೇ ಹಿಡಿಯಿತು. 2025ರ ಆಗಸ್ಟ್ 29ರಂದು ತಾರಾಚಂದ್ ಲಾಜಿಸ್ಟಿಕ್ ಸಲ್ಯೂಷನ್ಸ್ ಪ್ರಕರಣದಲ್ಲಿ ಅದನ್ನು ಇನ್ನೂ ಸ್ಪಷ್ಟವಾಗಿ ಹೇಳಿತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಗೋಡೆಯೊಳಗೇ ಓಡಾಡುತ್ತಿದ್ದ 36 ವಾಹನಗಳಿಗೆ ಆಂಧ್ರಪ್ರದೇಶವು ತೆರಿಗೆ ಪಡೆದಿತ್ತು. ಸಾರ್ವಜನಿಕ ಸ್ಥಳದಲ್ಲಿ ಬಳಸದ, ಬಳಸಲೆಂದು ಇಡದ ವಾಹನದ ಒಡೆಯನು ಸಾರ್ವಜನಿಕ ರಸ್ತೆಯ ಪ್ರಯೋಜನ ಪಡೆಯುವುದಿಲ್ಲ, ಆದ್ದರಿಂದ ಆ ಅವಧಿಯ ತೆರಿಗೆಯ ಹೊರೆ ಅವನ ಮೇಲೆ ಬೀಳಬಾರದು ಎಂದು ನ್ಯಾಯಮೂರ್ತಿಗಳಾದ ಮನೋಜ್ ಮಿಶ್ರಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ತೀರ್ಮಾನಿಸಿತು; 22,71,700 ರೂಪಾಯಿಗಳನ್ನು ಮರಳಿಸಬೇಕೆಂಬ ಹಿಂದಿನ ಆದೇಶವನ್ನು ಮತ್ತೆ ಎತ್ತಿಹಿಡಿಯಿತು.

ಆ ಪ್ರಕರಣ ತೆರಿಗೆಯದು, ನನ್ನದು ವಿಳಂಬ ಶುಲ್ಕದ್ದು. ಎರಡೂ ಒಂದಲ್ಲ ಎಂದು ನಿಮ್ಮಲ್ಲಿ ವಕೀಲರಾದವರು ಹೇಳುವಿರಿ. ಒಪ್ಪುತ್ತೇನೆ. ಹಾಗಾದರೆ ಎರಡನೆಯ ಪದಕ್ಕೆ ಬನ್ನಿ.

ಶುಲ್ಕವೆಂದರೆ ಸೇವೆಯ ಬೆಲೆ. ವಾಹನವನ್ನು ಪರೀಕ್ಷಿಸಿ, ದಾಖಲೆ ತಿದ್ದಿ, ಹೊಸ ಪತ್ರ ಕೊಡುವ ಸೇವೆಗೆ 5,000 ಕೇಳುತ್ತಾರೆ. 2022ರ ಮಾರ್ಚ್ ಕೊನೆಯವರೆಗೆ 600 ಇದ್ದದ್ದು ಏಪ್ರಿಲ್ 1ರಿಂದ 5,000 ಆಯಿತು. ಹಳೆಯ ವಾಹನ ಹೊಗೆ ಕಾರುತ್ತದೆ, ಅದನ್ನು ನಿರುತ್ತೇಜನಗೊಳಿಸಬೇಕು ಎಂಬ ಸರ್ಕಾರದ ಉದ್ದೇಶ ನನಗೆ ಅರ್ಥವಾಗುತ್ತದೆ. ಆ ಐದು ಸಾವಿರಕ್ಕೆ ನನ್ನ ತಕರಾರಿಲ್ಲ. ಆದರೆ ಮಿಕ್ಕ 18,000ಕ್ಕೆ ಯಾವ ಸೇವೆ ದೊರೆಯಿತು? ಮೂವತ್ತಾರು ತಿಂಗಳಲ್ಲಿ ಕಚೇರಿಯ ಯಾರೂ ನನ್ನ ಕಾರಿಗಾಗಿ ಒಂದು ಹಾಳೆಯನ್ನೂ ಮಗುಚಿಲ್ಲ. ಸೇವೆಯಿಲ್ಲದ ಮೇಲೆ ಅದು ಶುಲ್ಕವಲ್ಲ. 'ಹೆಚ್ಚುವರಿ ಶುಲ್ಕ' ಎಂಬ ಅಂಗಿ ತೊಟ್ಟ ದಂಡ ಅದು.

ದಂಡವಾದರೆ ತಪ್ಪು ಯಾವುದು? ನೋಂದಣಿಯಿಲ್ಲದ ವಾಹನವನ್ನು ರಸ್ತೆಯಲ್ಲಿ ನಡೆಸುವುದು ತಪ್ಪು. ಅದಕ್ಕೆ ಮೋಟಾರು ವಾಹನ ಕಾಯ್ದೆಯ 192ನೆಯ ಪ್ರಕರಣವಿದೆ. ಮೊದಲ ಬಾರಿ ಸಿಕ್ಕಿಬಿದ್ದವನಿಗೆ ಎರಡು ಸಾವಿರಕ್ಕೆ ಕಡಿಮೆಯಿಲ್ಲದ, ಐದು ಸಾವಿರಕ್ಕೆ ಮೀರದ ದಂಡ. ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನೋಂದಣಿ ಮುಗಿದ ಕಾರನ್ನು ಹೆದ್ದಾರಿಯಲ್ಲಿ ಓಡಿಸಿ, ಜನರ ಪ್ರಾಣಕ್ಕೆ ಅಪಾಯ ತಂದು, ಸಿಕ್ಕಿಬಿದ್ದವನ ಅಪರಾಧಕ್ಕೆ ಹೆಚ್ಚೆಂದರೆ 5,000. ಅದೇ ಕಾರನ್ನು ಹಿತ್ತಲಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ತಾನಾಗಿಯೇ ಕಚೇರಿಗೆ ಬಂದು 'ಸರಿಪಡಿಸಿಕೊಡಿ' ಎಂದವನಿಗೆ 18,000. 1988ರಲ್ಲಿ ಈ ಕಾಯ್ದೆಯನ್ನು ರಚಿಸಿದವರಿಗೆ ಈ ಅಳತೆ ತಿಳಿದಿತ್ತು: ನೋಂದಣಿಗೋ ನವೀಕರಣಕ್ಕೋ ತಡವಾಗಿ ಬಂದವನಿಂದ, ಸಂದರ್ಭವನ್ನು ಗಮನಿಸಿ, ನೂರು ರೂಪಾಯಿಗೆ ಮೀರದ ಮೊತ್ತ ಪಡೆಯಬಹುದೆಂದು 41ನೆಯ ಪ್ರಕರಣದಲ್ಲಿ ಬರೆದಿದ್ದರು. 'ಸಂದರ್ಭವನ್ನು ಗಮನಿಸಿ' ಎಂಬ ಆ ಎರಡು ಪದಗಳನ್ನೇ ಗಣಕಯಂತ್ರ ನುಂಗಿಹಾಕಿದೆ.

ಶಾಲೆಯ ಮಾತನ್ನೇ ತೆಗೆದುಕೊಳ್ಳಿ. ಸುಗ್ಗಿಯ ಕಾಲದಲ್ಲಿ ಮೆಣಸಿನಕಾಯಿ ಬಿಡಿಸಲು, ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸಲು ಎಷ್ಟು ಮಕ್ಕಳು ತಿಂಗಳುಗಟ್ಟಲೆ ಬರುತ್ತಿರಲಿಲ್ಲ! ನಿಮ್ಮಲ್ಲೇ ಕೆಲವರಿದ್ದೀರಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಗೈರುಹಾಜರಿ ಬರೆದೆವು. ಆದರೆ ಮರಳಿ ಬಂದ ದಿನ ಬಾಗಿಲಲ್ಲಿ ನಿಲ್ಲಿಸಿ, 'ದಿನಕ್ಕಿಷ್ಟರಂತೆ ದಂಡ ಕಟ್ಟಿ ಒಳಗೆ ಬಾ' ಎನ್ನಲಿಲ್ಲ. ಹಾಗೆಂದಿದ್ದರೆ ನೀವು ಮತ್ತೆ ಬರುತ್ತಲೇ ಇರಲಿಲ್ಲ. ಮರಳಿ ಬರುವವನಿಗೆ ಬಾಗಿಲು ಕಿರಿದು ಮಾಡಬಾರದೆಂಬುದು ಯಾವ ಬಿ.ಇಡಿ. ಪುಸ್ತಕವೂ ಕಲಿಸಬೇಕಾಗಿಲ್ಲದ ವಿವೇಕ.

ಇಲ್ಲಿ ಆಗುತ್ತಿರುವುದು ಅದರ ವಿರುದ್ಧ. ದಂಡ ತಿಂಗಳು ತಿಂಗಳು ಬೆಳೆದಂತೆ ಬರುವ ಮನಸ್ಸು ಕುಗ್ಗುತ್ತದೆ. ಕಾರಿನವನ ಕಥೆಯೇ ಹೀಗಾದರೆ ದ್ವಿಚಕ್ರದವನ ಪಾಡೇನು? ಅದಕ್ಕೆ ತಿಂಗಳಿಗೆ 300. ಮೂರು ವರ್ಷಕ್ಕೆ 10,800. ಹೊಲಕ್ಕೆ ಗೊಬ್ಬರದ ಚೀಲ ಹೇರಲು ಇಟ್ಟುಕೊಂಡ ಹಳೆಯ ಬೈಕು ಅಷ್ಟು ಬೆಲೆ ಬಾಳುವುದಿಲ್ಲ. ನನ್ನ ಹಳೆಯ ಶಿಷ್ಯನೊಬ್ಬ, ಹೆಸರು ಬೇಡ, "ಅಷ್ಟು ರೊಕ್ಕ ಕಟ್ಟೂದಕ್ಕಿಂತ ಒಳದಾರಿ ಹಿಡಿದು ಹೋಗೂದ ಸಸ್ತಾ ಅಲ್ರಿ ಸರ್" ಎಂದ. ಅವನ ಮಾತು ತಪ್ಪು, ಬೈದೆ. ಆದರೆ ಅವನ ಲೆಕ್ಕ ಸರಿ. ಪ್ರಾಮಾಣಿಕತೆ ದುಬಾರಿಯಾಗಿ, ಕಳ್ಳದಾರಿ ಸಸ್ತಾ ಆಗುವಂತೆ ಮಾಡುವ ನಿಯಮ ರಸ್ತೆಯ ಸುರಕ್ಷತೆಯನ್ನು ಕಾಯುವುದಿಲ್ಲ.

'ಎಲ್ಲರೂ ಗಾಡಿ ನಿಂತಿತ್ತು ಎಂದು ಸುಳ್ಳು ಹೇಳಿದರೆ?' ಎಂಬುದು ಅಧಿಕಾರಿಗಳ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೇ. ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಬಸ್ಸಿನ ಒಡೆಯರು ಮೊದಲೇ ತಿಳಿಸಿ, ದಾಖಲೆಗಳನ್ನು ಕಚೇರಿಗೆ ಒಪ್ಪಿಸಿದರೆ, ನಿಲ್ಲಿಸಿದ ಅವಧಿಯ ತೆರಿಗೆಯಿಂದ ಪಾರಾಗುವ ದಾರಿಯಿದೆ. 2020ರಲ್ಲಿ ಅನೇಕ ಖಾಸಗಿ ಬಸ್ ಮಾಲೀಕರು ಅದನ್ನೇ ಮಾಡಿದರು. ಇಂಗ್ಲೆಂಡಿನಲ್ಲಿರುವ ನಮ್ಮ ಬಂಧುಗಳನ್ನು ಕೇಳಿ: ಅಲ್ಲಿ 1998ರಿಂದಲೇ 'ನನ್ನ ವಾಹನ ರಸ್ತೆಯಲ್ಲಿಲ್ಲ' ಎಂಬ ಘೋಷಣೆಯ ವ್ಯವಸ್ಥೆಯಿದೆ. ಘೋಷಿಸಿದವನು ತೆರಿಗೆ ಕಟ್ಟಬೇಕಿಲ್ಲ. ಘೋಷಿಸಿ ರಸ್ತೆಗಿಳಿದರೆ ಶಿಕ್ಷೆ. ಮೊದಲು ನಂಬುವುದು, ಮೋಸ ಮಾಡಿದರೆ ಶಿಕ್ಷಿಸುವುದು. ನಮ್ಮಲ್ಲಿ ಮಾತ್ರ ವಾಹನಕ್ಕೆ ಎರಡೇ ಸ್ಥಿತಿ: ನೋಂದಣಿ ಚಾಲ್ತಿಯಲ್ಲಿರಬೇಕು, ಇಲ್ಲವೇ ಕೆಟ್ಟು ಶಾಶ್ವತವಾಗಿ ನಿರುಪಯುಕ್ತವಾಯಿತೆಂದು ರದ್ದು ಮಾಡಿಸಬೇಕು. ಸುಮ್ಮನೆ ನಿಂತ ಕಾರಿಗೆ ಯಾವ ಕಲಮನ್ನೂ ಆ ಕಚೇರಿಯಲ್ಲಿ ನನಗೆ ತೋರಿಸಲಿಲ್ಲ.

ಜುಲೈನಲ್ಲಿ ಲಿಖಿತ ತಕರಾರು ಅರ್ಜಿ ಕೊಟ್ಟೆ. ಚಪ್ಪರದ ಕೆಳಗಿನ ಕಾರಿನ ಛಾಯಾಚಿತ್ರ, ವಿಮೆ 2021ರಲ್ಲೇ ನಿಂತ ದಾಖಲೆ, ಕಣ್ಣಿನ ಚಿಕಿತ್ಸೆಯ ಪತ್ರ, ಮೂರನ್ನೂ ಲಗತ್ತಿಸಿದೆ. 'ನಿಯಮದಲ್ಲಿ ಅವಕಾಶವಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂತು. ಆಗಸ್ಟ್ ತಿಂಗಳ ತೀರ್ಪಿನ ಪ್ರತಿಯಿಟ್ಟು ಎರಡನೆಯ ಅರ್ಜಿಯನ್ನು ಮೇಲಿನವರಿಗೆ ಕಳಿಸಿದ್ದೇನೆ. ನನ್ನ ಬೇಡಿಕೆ ಮೂರೇ: ನಿಲ್ಲಿಸಿದ ವಾಹನವನ್ನು ಘೋಷಿಸಲು ಒಂದು ನಮೂನೆ ಇರಲಿ, ವಿಳಂಬದ ಮೊತ್ತ ಎಂದಿಗೂ ನವೀಕರಣ ಶುಲ್ಕವನ್ನು ಮೀರದಿರಲಿ, ನೋಂದಣಿ ಮುಗಿಯುವ ಮೂರು ತಿಂಗಳ ಮೊದಲು ಮಾಲೀಕನ ಮೊಬೈಲಿಗೆ ಒಂದು ಸಂದೇಶ ಬರಲಿ.

ತಂಗಿಯ ಮಗ, "ಹೋಗ್ಲಿ ಬಿಡ್ರಿ ಮಾಮಾ, ಗುಜರಿಗೆ ಹಾಕೂಣು" ಎನ್ನುತ್ತಾನೆ. 2027ರ ಜೂನ್ ದಾಟಿದರೆ ಕಾರಿಗೆ ಇಪ್ಪತ್ತು ತುಂಬುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮದಂತೆ ಆಗ ನವೀಕರಣಕ್ಕೇ 10,000. ಲೆಕ್ಕದ ಪ್ರಕಾರ ಅವನು ಹೇಳುವುದೇ ಸರಿಯಿರಬಹುದು. ಆದರೆ ಅರ್ಜಿಗೆ ಉತ್ತರ ಬರುವವರೆಗೆ ಕಾರು ಅಲ್ಲಿಯೇ ನಿಲ್ಲಲಿ ಎಂದಿದ್ದೇನೆ.

ನೀವೂ ಇಂದು ಸಂಜೆ ನಿಮ್ಮ ಮನೆಯ, ನಿಮ್ಮ ತಂದೆಯವರ ವಾಹನಗಳ ನೋಂದಣಿ ದಿನಾಂಕವನ್ನು ಒಮ್ಮೆ ನೋಡಿ. ಮುಗಿಯುತ್ತ ಬಂದಿದ್ದರೆ ಇಂದೇ ಹೋಗಿ ನವೀಕರಿಸಿಕೊಳ್ಳಿ. ಮುಗಿದು ಹೋಗಿದ್ದರೆ, ವಾಹನ ನಿಂತಿದ್ದು ನಿಜವಾಗಿದ್ದರೆ, ಹಣ ಕಟ್ಟುವ ಮುನ್ನ ಒಂದು ಅರ್ಜಿಯನ್ನಾದರೂ ಬರೆಯಿರಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ಅರ್ಜಿ ಬರೆಯುವುದನ್ನು ಎಂಟನೆಯ ತರಗತಿಯಲ್ಲೇ ನಿಮಗೆ ಕಲಿಸಿದ್ದೇನೆ.