ಆಯುಧದ ಗುಣವೂ ಆಯುಧದ ಮಂತ್ರವೂ

ಕೈಯಲ್ಲಿ ಕತ್ತಿಯಿಲ್ಲ, ಎದುರಿಗೆ ಶತ್ರುವಿಲ್ಲ. ಆದರೂ ಯಾವ ಕತ್ತಿಯು ಉತ್ತಮವೆಂಬ ಚರ್ಚೆಯು ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲ. ಅಂತರ್ಜಾಲದ ಮೂಲಕ ನಾನಾ ದೇಶಗಳ ಜನರು ಕೂಡಿ ಆಡುವ ಸಾಹಸದ ಆಟಗಳಲ್ಲಿ ತೊಡಗಿದ ತರುಣರಿರುವ ಮನೆಗಳಲ್ಲಿ ಹಿರಿಯರು ಈ ವಿನೋದವನ್ನು ಕಂಡೇ ಇರುವರು. ಇದೆಲ್ಲವೂ ಕಾಲಹರಣವೆಂದು ಗದರಿಸುವುದು ಸುಲಭ. ಆದರೆ ಮಗನಾಗಲಿ ಮಗಳಾಗಲಿ ಯಾವುದಕ್ಕಾಗಿ ಇಷ್ಟು ಯೋಚಿಸುತ್ತಿರುವರೆಂಬುದನ್ನು ಅರಿಯದೆ ಹೇಳಿದ ಬುದ್ಧಿವಾದವು ಗೋರ್ಕಲ್ಲ ಮೇಲೆ ಸುರಿದ ಮಳೆಯಂತೆ ಹರಿದುಹೋಗುವುದು. ಆದುದರಿಂದ ಈ ತಿಂಗಳು ಅಂತಹ ಒಂದು ಆಟದಲ್ಲಿ ಆಯುಧವನ್ನು ಸಿದ್ಧಪಡಿಸಿಕೊಳ್ಳುವ ಕ್ರಮವನ್ನು ನಮ್ಮ ವಾಚಕರ ಮುಂದಿಡುವೆವು.

ನಾವು ಆರಿಸಿಕೊಂಡಿರುವುದು ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಎಂಬ ಆಟವನ್ನು. 1994ರಲ್ಲಿ ಮೊದಲಾದ ಒಂದು ಆಟದ ಮಾಲೆಗೆ ಸೇರಿದ ಇದು 2014ರ ಏಪ್ರಿಲ್ ತಿಂಗಳಲ್ಲಿ ಗಣಕಯಂತ್ರಗಳಿಗಾಗಿ ಹೊರಬಂದಿತು. ಟಮ್ರಿಯೆಲ್ ಎಂಬ ಕಲ್ಪಿತ ಭೂಖಂಡವೇ ಇದರ ರಂಗಸ್ಥಳ. ಇಲ್ಲಿಯ ಪ್ರತಿಯೊಂದು ಖಡ್ಗಕ್ಕೂ, ಬಿಲ್ಲಿಗೂ, ಮಂತ್ರದಂಡಕ್ಕೂ ಎರಡು ಬಗೆಯ ವಿಶೇಷಗಳನ್ನು ಕೊಡಬಹುದು. ಒಂದು ‘ಟ್ರೇಟ್’, ಎಂದರೆ ಗುಣ. ಇನ್ನೊಂದು ‘ಎನ್‌ಚಾಂಟ್‌ಮೆಂಟ್’, ಎಂದರೆ ಮಂತ್ರ. ಗುಣವು ಆಯುಧದೊಡನೆ ಹುಟ್ಟುವುದು. ಮಂತ್ರವಾದರೋ ಆಯುಧವು ಸಿದ್ಧವಾದ ಮೇಲೆ ಅದಕ್ಕೆ ತೊಡಿಸುವ ಮುದ್ರೆ. ಬೇಡವಾದಾಗ ಅದರ ಮೇಲೆ ಮತ್ತೊಂದನ್ನು ಒತ್ತಬಹುದು, ಹಳೆಯದು ಅಳಿದುಹೋಗುವುದು.

ಆಟಕ್ಕೆ ಬೇಕಾದ ಗುಣಗಳು ಒಂಬತ್ತು. ಲೋಹವನ್ನು ಬಡಿಯುವಾಗ ಸೇರಿಸುವ ಕಲ್ಲಿನಿಂದ ಗುಣವು ನಿರ್ಧಾರವಾಗುವುದು. ಮಾಣಿಕ್ಯವನ್ನು ಸೇರಿಸಿದರೆ ‘ಪ್ರಿಸೈಸ್’, ಎಂದರೆ ಪೆಟ್ಟು ಮರ್ಮಕ್ಕೆ ತಾಗುವ ಸಂಭವವು ಹೆಚ್ಚುವುದು. ಬೆಂಕಿಯ ಬಣ್ಣದ ಓಪಲ್ ಕಲ್ಲಿನಿಂದ ‘ಶಾರ್ಪನ್ಡ್’. ಇದು ಶತ್ರುವಿನ ಕವಚವನ್ನು ಭೇದಿಸುವ ಹರಿತ. ಜೇಡ್ ಕಲ್ಲಿನಿಂದ ‘ಇನ್‌ಫ್ಯೂಸ್ಡ್’. ಇದು ಮಂತ್ರಕ್ಕೆ ಬಲವನ್ನು ಕೊಡುವ ಗುಣ. ‘ಡಿಫೆಂಡಿಂಗ್’ ತನ್ನ ರಕ್ಷಣೆಗೆ, ‘ಪವರ್ಡ್’ ಗಾಯಗೊಂಡವರ ಶುಶ್ರೂಷೆಗೆ, ‘ಚಾರ್ಜ್ಡ್’ ಉರಿ ಚಳಿ ವಿಷಾದಿ ಬಾಧೆಗಳನ್ನು ತಗುಲಿಸುವುದಕ್ಕೆ, ‘ಡಿಸೈಸಿವ್’ ಪರಮಾಸ್ತ್ರವು ಬೇಗ ಕೈಗೂಡುವುದಕ್ಕೆ, ‘ಟ್ರೇನಿಂಗ್’ ಹೊಸಬರಿಗೆ ಅನುಭವವು ಬೇಗ ಕೂಡುವುದಕ್ಕೆ. ಒಂಬತ್ತನೆಯದಾದ ‘ನಿರ್ನ್‌ಹೋನ್ಡ್’ ಎಂಬುದು ಅತ್ಯುತ್ತಮ ದರ್ಜೆಯ ಆಯುಧದಲ್ಲಿ ಅದರ ಸ್ವಂತ ಬಲವನ್ನೇ ನೂರಕ್ಕೆ 15ರಷ್ಟು ಏರಿಸುವುದು.

ಈ ಗುಣಗಳನ್ನು ಬಳಸಬೇಕಾದರೆ ಮೊದಲು ಕಲಿಯಬೇಕು. ಕಲಿಯುವ ಕ್ರಮವು ವಿಚಿತ್ರವಾದುದು: ಆ ಗುಣವುಳ್ಳ ಒಂದು ಆಯುಧವನ್ನು ಸಂಪಾದಿಸಿ, ಅದನ್ನು ನಷ್ಟಪಡಿಸಿಯೇ ಅದರ ರಹಸ್ಯವನ್ನು ತಿಳಿಯತಕ್ಕದ್ದು. ಒಂದು ಜಾತಿಯ ಆಯುಧದಲ್ಲಿ ಮೊದಲನೆಯ ಗುಣಕ್ಕೆ 6 ಗಂಟೆಗಳು ಸಾಕು. ಎರಡನೆಯದಕ್ಕೆ 12 ಗಂಟೆಗಳು, ಮೂರನೆಯದಕ್ಕೆ ಒಂದು ದಿನ. ಹೀಗೆಯೇ ಇಮ್ಮಡಿಯಾಗುತ್ತ ಒಂಬತ್ತನೆಯ ಗುಣಕ್ಕೆ 64 ದಿನಗಳು ಹಿಡಿಯುವುವು. ಕಮ್ಮಾರಿಕೆಯಲ್ಲಿ ನೈಪುಣ್ಯವು ಬೆಳೆದಂತೆ ಈ ಅವಧಿಯು ಕೊಂಚ ಕಡಮೆಯಾಗುವುದು. ಇಲ್ಲದಿದ್ದರೆ ಒಂಬತ್ತಕ್ಕೂ ಕೂಡಿ ಸುಮಾರು 128 ದಿನಗಳಾಗುವುವು. ಇವು ಆಟದ ದಿನಗಳಲ್ಲ, ನಮ್ಮ ಗೋಡೆಯ ಪಂಚಾಂಗದ ದಿನಗಳೇ.

ಇಲ್ಲಿ ಗೃಹಸ್ಥರು ಗಮನಿಸತಕ್ಕ ಅಂಶವೊಂದುಂಟು. ಈ ಕಾಲವು ಆಟಗಾರನು ಯಂತ್ರವನ್ನು ನಿಲ್ಲಿಸಿ ಮಲಗಿದಾಗಲೂ ಓಡುತ್ತಲೇ ಇರುವುದು. ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿಯು ನಾವು ಕಾದು ಕುಳಿತ ಮಾತ್ರಕ್ಕೆ ಬೇಗ ಮಾಗುವುದಿಲ್ಲವಷ್ಟೆ? ಆದುದರಿಂದ ‘ಗುಣವನ್ನು ಕಲಿಯುತ್ತಿದ್ದೇನೆ’ ಎಂಬ ನೆಪದಿಂದ ಯಾರೂ ರಾತ್ರಿಯೆಲ್ಲ ಎಚ್ಚತ್ತಿರಬೇಕಾಗಿಲ್ಲ. ಈ ಅವಧಿಯನ್ನು ಮೊಟಕುಮಾಡುವ ಸುರುಳಿಗಳನ್ನು ಆಟದ ಅಂಗಡಿಯಲ್ಲಿ ನಿಜವಾದ ಹಣಕ್ಕೆ ಮಾರುವರು. ಕಾಯುವುದರಿಂದ ತಾನಾಗಿಯೇ ದೊರೆಯುವುದಕ್ಕೆ ಮನೆಯ ಹಣವನ್ನು ತೆರುವುದು ವಿವೇಕವಲ್ಲವೆಂದು ನಮ್ಮ ಮತ. ಅದಕ್ಕಿಂತ ಸೊಗಸಾದ ಮಾರ್ಗವು ಆಟಗಾರರಲ್ಲಿಯೇ ರೂಢಿಯಲ್ಲಿದೆ: ಬಲ್ಲವನು ಬೇಕಾದ ಗುಣವುಳ್ಳ ಅಗ್ಗದ ಕತ್ತಿಯೊಂದನ್ನು ಮಾಡಿ ಹೊಸಬನಿಗೆ ಕೊಡುವನು, ಹೊಸಬನು ಅದನ್ನು ಮುರಿದು ಕಲಿಯುವನು.

ಇನ್ನು ಮಂತ್ರದ ವಿಚಾರ. ಮೂರು ಅಕ್ಷರಶಿಲೆಗಳನ್ನು ಕೂಡಿಸಿದರೆ ಒಂದು ಮುದ್ರೆಯಾಗುವುದು. ಮೊದಲನೆಯದು ಪ್ರಮಾಣವನ್ನೂ, ಎರಡನೆಯದು ಸತ್ತ್ವವನ್ನೂ, ಮೂರನೆಯದು ದರ್ಜೆಯನ್ನೂ ಗೊತ್ತುಮಾಡುವುವು. ಕೂಡಿಸುವಾಗ ಆ ಶಿಲೆಗಳ ಹೆಸರುಗಳು ಮಂತ್ರೋಚ್ಚಾರದಂತೆ ಕೇಳಿಬರುವುವು. ಪ್ರಮಾಣದ ಶಿಲೆಗಳಲ್ಲಿ ಏರಿಸುವುವು, ಇಳಿಸುವುವು ಎಂದು ಎರಡು ಪಂಗಡಗಳಿವೆ, ಸ್ವಾರಸ್ಯವಿರುವುದು ಇಲ್ಲಿಯೇ. ‘ಡೆಟೆರಿ’ ಎಂಬ ಶಿಲೆಯ ಸತ್ತ್ವವು ಕವಚ. ಏರಿಸುವ ಶಿಲೆಯೊಡನೆ ಅದನ್ನು ಕೂಡಿಸಿದರೆ, ಹೊಡೆದವನಿಗೆ ರಕ್ಷೆಯನ್ನು ಕೊಡುವ ಮಂತ್ರವಾಗುವುದು. ಇಳಿಸುವ ಶಿಲೆಯೊಡನೆ ಕೂಡಿಸಿದರೆ ಶತ್ರುವಿನ ಕವಚವನ್ನು ಕುಗ್ಗಿಸುವ ‘ಕ್ರಷಿಂಗ್’ ಮಂತ್ರವಾಗುವುದು. ‘ಒಕೊರಿ’ ಎಂಬುದರ ಸತ್ತ್ವವು ಬಲ. ಏರಿಸಿದರೆ ತನ್ನ ಬಲವು ಹೆಚ್ಚುವುದು, ಇಳಿಸಿದರೆ ಶತ್ರುವಿನ ಬಲವು ತಗ್ಗುವುದು. ಒಂದೇ ವಸ್ತು, ಕೂಡಿದ ಸಹವಾಸದಂತೆ ಎರಡು ಫಲ.

ಗುಣವನ್ನೂ ಮಂತ್ರವನ್ನೂ ಬೇರೆ ಬೇರೆಯಾಗಿ ಆರಿಸುವುದು ಹೊಸಬರ ಪದ್ಧತಿ. ಬಲ್ಲವರು ಅವುಗಳ ಜೋಡಿಯನ್ನು ನೋಡುವರು. ಬಲವನ್ನು ಹೆಚ್ಚಿಸುವ ಮಂತ್ರವು ಒಮ್ಮೆ ಎಚ್ಚತ್ತರೆ 5 ಸೆಕೆಂಡುಗಳ ಕಾಲ ನಿಲ್ಲುವುದು. ಮತ್ತೆ ಎಚ್ಚರಗೊಳ್ಳಲು ಮೊದಲಿನಿಂದ 10 ಸೆಕೆಂಡುಗಳಾಗಬೇಕು. ಎಂದರೆ ಅರ್ಧ ಕಾಲವು ಬರಿದು. ಅದೇ ಆಯುಧಕ್ಕೆ ‘ಇನ್‌ಫ್ಯೂಸ್ಡ್’ ಗುಣವಿದ್ದರೆ ಮಂತ್ರದ ಫಲವು ನೂರಕ್ಕೆ 30ರಷ್ಟು ಹೆಚ್ಚುವುದಲ್ಲದೆ, ಕಾಯುವ ಕಾಲವು ಅರ್ಧಕ್ಕೆ ಇಳಿದು 5 ಸೆಕೆಂಡುಗಳಾಗುವುದು. ಆಗ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುವುದು. ಹೊಡೆಯುತ್ತಿರುವವರೆಗೆ ದೀಪವು ಆರುವುದೇ ಇಲ್ಲ. ಗುಣವು ತಾನಾಗಿ ಏನನ್ನೂ ಮಾಡದೆ, ಜೊತೆಗಾರನ ಕೆಲಸವನ್ನು ಪೂರ್ತಿಗೊಳಿಸಿದಂತಾಯಿತು.

‘ಹಾಗಾದರೆ ಎಲ್ಲಕ್ಕಿಂತ ಶ್ರೇಷ್ಠವಾದ ಗುಣವು ಯಾವುದು?’ ಎಂದು ತರುಣರು ಕೇಳುವರು. ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಲೆಕ್ಕವೇ ಇದನ್ನು ತೋರಿಸುವುದು. ಗುಹಾದುರ್ಗಗಳ ದೊಡ್ಡ ವೈರಿಗಳ ಕವಚದ ಪ್ರಮಾಣವು 18,200. ಎರಡು ಕೈಗಳಿಂದ ಹಿಡಿಯುವ ಉತ್ತಮ ಆಯುಧದಲ್ಲಿ ‘ಶಾರ್ಪನ್ಡ್’ ಗುಣವು ಅದರಲ್ಲಿ 3,276ನ್ನು ಭೇದಿಸುವುದು. ಒಬ್ಬಂಟಿಯಾಗಿ ಹೋರಾಡುವವನಿಗೆ ಇದು ದೊಡ್ಡ ಸಹಾಯ. ಆದರೆ ನಾಲ್ವರ ತಂಡದಲ್ಲಿ ಜೊತೆಯವರ ವಿದ್ಯೆಗಳು ಆ ಕವಚವನ್ನು ಆಗಲೇ ಒಂದು ಕಡೆ 5,948ರಷ್ಟು, ಇನ್ನೊಂದು ಕಡೆ 2,974ರಷ್ಟು ತಗ್ಗಿಸಿರಬಹುದು. ಇದರ ಮೇಲೆ ಕವಚವನ್ನು ಕುಗ್ಗಿಸುವ ಮಂತ್ರವೂ, ತೊಡುಗೆಗಳ ಪ್ರಭಾವವೂ ಸೇರುವುವು. ಕವಚವು ಸೊನ್ನೆಗೆ ಇಳಿದ ಮೇಲೆ ಭೇದಿಸುವುದಕ್ಕೆ ಏನೂ ಉಳಿಯದು. ಮಿಕ್ಕ ಹರಿತವೆಲ್ಲ ವ್ಯರ್ಥ. ನಿನ್ನೆ ಒಬ್ಬನೇ ಇದ್ದಾಗ ಉತ್ತಮವಾಗಿದ್ದ ಕತ್ತಿಯೇ ಇಂದು ಗೆಳೆಯರ ನಡುವೆ ಸಾಧಾರಣವಾಗಬಹುದು. ಆದುದರಿಂದ ಆರಿಸುವವನು ಮೊದಲು ನೋಡಬೇಕಾದುದು ಕತ್ತಿಯನ್ನಲ್ಲ, ತನ್ನ ಪಕ್ಕದಲ್ಲಿ ನಿಂತವರನ್ನು.

ಈ ಮಾತು ಮುಂದೆ ನಿಂತು ಎಲ್ಲರ ಪೆಟ್ಟನ್ನೂ ತಾನು ತಾಳಿಕೊಳ್ಳುವವನ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುವುದು. ಅವನು ಸಾಮಾನ್ಯವಾಗಿ ಧರಿಸುವುದು ‘ಇನ್‌ಫ್ಯೂಸ್ಡ್’ ಗುಣದ ಆಯುಧ, ಅದರ ಮೇಲೆ ಕವಚವನ್ನು ಕುಗ್ಗಿಸುವ ಮಂತ್ರ. ಅವನ ಸ್ವಂತ ಹೊಡೆತವು ಇದರಿಂದ ಹೇಳಿಕೊಳ್ಳುವಷ್ಟು ಹೆಚ್ಚದು. ಯುದ್ಧವು ಮುಗಿದ ಮೇಲೆ ಲೆಕ್ಕ ಹಾಕಿದರೆ ಅವನ ಅಂಕೆಯು ಎಲ್ಲರಿಗಿಂತ ಕೆಳಗೇ ಇರುವುದು. ಆದರೆ ಆ ಮಂತ್ರವು ನಿಂತಿರುವವರೆಗೆ ಜೊತೆಗಾರರ ಪ್ರತಿಯೊಂದು ಪೆಟ್ಟೂ ಆಳಕ್ಕೆ ಇಳಿಯುವುದು. ಹನ್ನೆರಡು ಮಂದಿ ಕೂಡಿ ಮಾಡುವ ದೊಡ್ಡ ಕಾಳಗಗಳಲ್ಲಿ ಈ ಒಬ್ಬನ ಆಯ್ಕೆಯ ಫಲವು ಉಳಿದ ಹನ್ನೊಂದು ಕೈಗಳಲ್ಲಿ ಕಾಣುವುದು. ಸಂಸಾರವನ್ನು ನಡೆಸಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಯ್ಕೆಯು ತಪ್ಪಿದರೆ ಗತಿಯೇನು? ಮಂತ್ರವನ್ನು ಯಾವಾಗ ಬೇಕಾದರೂ ಬದಲಿಸಬಹುದೆಂದು ಮೊದಲೇ ಹೇಳಿದೆವು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯು ಈ ಆಟದ ಆಯುಧಗಳಿಗೂ ಬಹುಕಾಲ ಸಲ್ಲುತ್ತಿತ್ತು. 2017ರಲ್ಲಿ ಆ ನಿಯಮವನ್ನು ಸಡಿಲಿಸಿದರು. ಈಗ 50 ಸ್ಫಟಿಕಗಳನ್ನು ವೆಚ್ಚಮಾಡಿ ಒಂದು ಗುಣವನ್ನು ಮತ್ತೊಂದಾಗಿ ಮಾರ್ಪಡಿಸಬಹುದು. ಆದರೆ ಬೇಕಾದ ಹೊಸ ಗುಣವನ್ನು ಆಟಗಾರನು ತಾನೇ ಕಲಿತಿರಬೇಕು. ಕಾದು ಕಲಿತವನಿಗೆ ಮಾತ್ರ ತಿದ್ದಿಕೊಳ್ಳುವ ಅವಕಾಶವೆಂಬ ಈ ಏರ್ಪಾಡು ನಮಗೆ ನ್ಯಾಯವಾಗಿಯೇ ತೋರುವುದು.

ತಂದೆತಾಯಿಗಳು ಮುಂದೆ ಮಕ್ಕಳನ್ನು ಈ ಆಟದ ಮುಂದೆ ಕಂಡಾಗ, ‘ಎಷ್ಟು ಹೊತ್ತು ಆಡುವೆ?’ ಎಂದು ಕೇಳುವುದರ ಜೊತೆಗೆ, ‘ನಿನ್ನ ಆಯುಧಕ್ಕೆ ಈ ಗುಣವನ್ನೇ ಏಕೆ ಆರಿಸಿದೆ?’ ಎಂದೂ ಒಮ್ಮೆ ಕೇಳಲಿ. ‘ಇದರ ಅಂಕೆಯು ದೊಡ್ಡದು’ ಎಂಬ ಉತ್ತರವು ಬಂದರೆ ಹುಡುಗನು ಇನ್ನೂ ಕಲಿಯಬೇಕಾದುದುಂಟೆಂದು ತಿಳಿಯಬಹುದು. ‘ನಮ್ಮ ತಂಡದಲ್ಲಿ ಇದರ ಕೊರತೆಯಿತ್ತು’ ಎಂದನಾದರೆ, ಅವನು ಕಳೆದ ಹೊತ್ತೆಲ್ಲ ನಷ್ಟವಾಯಿತೆಂದು ಹಿರಿಯರು ಮರುಗಬೇಕಾಗಿಲ್ಲ.