ರೆಕ್ಕೆಯ ಪಾಠ ಉಳಿಯಬೇಕಾದರೆ ಹಕ್ಕಿ ಉಳಿಯಬೇಕು

ಬೆಳಗಾವಿಯ ನೆಹರು ನಗರದಲ್ಲಿ ಬಿಸಿಲೇರಿದೊಡನೆ ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಮಾಳಿಗೆಗಳ ಮೇಲೆ ಹದ್ದುಗಳು ಸುತ್ತತೊಡಗುತ್ತವೆ. ಕಾದ ಕಾಂಕ್ರೀಟಿನಿಂದ ಮೇಲೇಳುವ ಬಿಸಿಗಾಳಿಯೇ ಅವುಗಳ ಏಣಿ. ಏರುವಾಗ ರೆಕ್ಕೆ ಪೂರ್ತಿ ಹರಡಿ, ತುದಿಯ ಗರಿಗಳು ಕೈಬೆರಳುಗಳಂತೆ ಬಿಡಿಬಿಡಿಯಾಗಿರುತ್ತವೆ. ದೂರಕ್ಕೆ ಜಾರಬೇಕಾದಾಗ ಮಣಿಕಟ್ಟನ್ನು ಮಡಿಸಿ ಹದ್ದು ತನ್ನ ರೆಕ್ಕೆಯನ್ನು ಕಿರಿದಾಗಿಸುತ್ತದೆ. ತಿರುಗಬೇಕಾದಾಗ ಬಾಲವನ್ನು ಹೊರಳಿಸುತ್ತದೆ. ಇಳಿಯುವಾಗ ರೆಕ್ಕೆಯ ಮುಂದಂಚಿನಲ್ಲಿರುವ, ನಮ್ಮ ಹೆಬ್ಬೆರಳಿಗೆ ಸಮನಾದ ಪುಟ್ಟ ಗರಿಗೊಂಚಲು ಎದ್ದು ನಿಂತು, ವೇಗ ಕುಗ್ಗಿದರೂ ಗಾಳಿಯ ಹಿಡಿತ ತಪ್ಪದಂತೆ ಕಾಯುತ್ತದೆ. ಒಂದೇ ಹಕ್ಕಿ ಒಂದೇ ಹಾರಾಟದಲ್ಲಿ ಹಲವು ರೆಕ್ಕೆಗಳನ್ನು ಧರಿಸುತ್ತದೆ.

ಸಾಂಬ್ರಾ ನಿಲ್ದಾಣದಲ್ಲಿ ಇಳಿಯುವ ವಿಮಾನಕ್ಕೆ ಈ ಸೌಕರ್ಯವಿಲ್ಲ. ಅದರ ರೆಕ್ಕೆ ಮೂಲತಃ ಬಿಗಿಯಾದ ಲೋಹದ ಪೆಟ್ಟಿಗೆ. ಇಳಿಯುವ ಹೊತ್ತಿಗೆ ಅಂಚಿನ ಫಲಕಗಳು ಹೊರಚಾಚಿ ಬಾಗುತ್ತವೆ; ಆದರೆ ಆ ಫಲಕಗಳ ನಡುವಿನ ಸಂದು, ಕೀಲುಗಳಲ್ಲಿ ಗಾಳಿ ತೊಡಕಿಕೊಂಡು ಸದ್ದೂ ಎಳೆತವೂ ಹೆಚ್ಚುತ್ತವೆ. ಸೋಜಿಗವೆಂದರೆ ಆರಂಭ ಹೀಗಿರಲಿಲ್ಲ. ಹಾರುವ ಹಕ್ಕಿಗಳನ್ನು ದಿಟ್ಟಿಸಿ ನೋಡಿದ್ದ ರೈಟ್ ಸೋದರರು 1903ರ ವಿಮಾನದ ರೆಕ್ಕೆಯನ್ನು ತಂತಿಯೆಳೆದು ತಿರುಚುತ್ತಿದ್ದರು. ವೇಗ, ಭಾರಗಳು ಹೆಚ್ಚಿದಂತೆ ರೆಕ್ಕೆ ಬಿಗಿಯಾಗಲೇಬೇಕಾಯಿತು. ಹಗುರವಾಗಿಯೂ ಗಟ್ಟಿಯಾಗಿಯೂ ಬಾಗಬಲ್ಲ ವಸ್ತುಗಳು ದೊರೆಯತೊಡಗಿದ ಮೇಲೆ ತಂತ್ರಜ್ಞರು ಮರಳಿ ಹಕ್ಕಿಯತ್ತ ನೋಡುತ್ತಿದ್ದಾರೆ. 2014–15ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಸಂದಿಲ್ಲದೆ ಬಾಗುವ ರೆಕ್ಕೆಯಂಚನ್ನು ವಿಮಾನಕ್ಕೆ ಜೋಡಿಸಿ ಹಾರಿಸಿತು. 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪಾರಿವಾಳದ ನಿಜವಾದ 40 ಗರಿಗಳನ್ನೇ ಯಂತ್ರಕ್ಕೆ ತೊಡಿಸಿ, ಮಣಿಕಟ್ಟು ಮತ್ತು ಬೆರಳಿನ ಚಲನೆಯಿಂದ ಅದನ್ನು ತಿರುಗಿಸಿ ತೋರಿಸಿದರು.

ಇಂತಹ ವಿಷಯ ಬಂದೊಡನೆ 'ಇದೆಲ್ಲ ನಮ್ಮ ಪೂರ್ವಜರಿಗೆ ಗೊತ್ತಿತ್ತು' ಎನ್ನುವ ದನಿ ಏಳುವುದುಂಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ದಲ್ಲಿ ಹಕ್ಕಿಯ ಹೆಸರಿನ 'ಶಕುನ' ವಿಮಾನವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಆ ಗ್ರಂಥವನ್ನು ಪರಿಶೀಲಿಸಿ, ಅದು 1904ಕ್ಕಿಂತ ಹಳೆಯದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಹಕ್ಕಿಯ ಹೆಸರಿಟ್ಟ ಮಾತ್ರಕ್ಕೆ ಹಕ್ಕಿಯಿಂದ ಕಲಿತಂತಾಗುವುದಿಲ್ಲ.

ಕಲಿಯುವ ಬಗೆ ಹೇಗೆಂಬುದನ್ನು ಆಗ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ತೋರಿಸಿದರು. 1972ರಿಂದ 1984ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದ ಈ ವಿಮಾನ ವಿಜ್ಞಾನಿ ಪುಲಿಕಾಟ್ ಸರೋವರದ ಹಕ್ಕಿಗಳನ್ನು ತಾಳ್ಮೆಯಿಂದ ಗಮನಿಸುತ್ತಿದ್ದರು. ಹಕ್ಕಿಯ ಹಾರಾಟವನ್ನು ಕುರಿತ ಅವರ ದೀರ್ಘ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ 'ಸಾಧನಾ' ಪತ್ರಿಕೆಯಲ್ಲಿ 1991ರಲ್ಲಿ ಪ್ರಕಟವಾಯಿತು. ರಾಕೆಟ್ ಹಾರಿಸಿದವರಿಗೂ ಹಕ್ಕಿಯಲ್ಲಿ ಕಲಿಯುವುದು ಇನ್ನೂ ಉಳಿದಿತ್ತು.

ಹಕ್ಕಿಯನ್ನು ಕಾಡಿನಲ್ಲೇ ಏಕೆ ನೋಡಬೇಕು, ಸತ್ತ ರೆಕ್ಕೆಯನ್ನು ಪ್ರಯೋಗಾಲಯದಲ್ಲಿ ಅಳೆದರೆ ಸಾಲದೆ ಎಂದು ಕೇಳಬಹುದು. ಅಳೆದದ್ದೂ ಉಂಟು. ಜೋಗದ ಬಂಡೆಗಳ ಬಳಿ ಸುಳಿಯುವ ಸ್ವಿಫ್ಟ್ ಹಕ್ಕಿಗಳ ಕುಟುಂಬಕ್ಕೆ ಸೇರಿದ ಹಕ್ಕಿಯೊಂದರ ರೆಕ್ಕೆಗಳನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದ ಸಂಶೋಧಕರು, ರೆಕ್ಕೆಯ ಬಾಗನ್ನು ಸರಿಯಾಗಿ ಆಯ್ದುಕೊಂಡರೆ ಕೆಳಗಿಳಿಯುವ ವೇಗ ಅರ್ಧಕ್ಕಿಳಿಯಬಲ್ಲದು, ತಿರುಗುವ ವೇಗ ಮೂರು ಪಟ್ಟಾಗಬಲ್ಲದು ಎಂದು 2007ರಲ್ಲಿ ಪ್ರಕಟಿಸಿದರು. ರೆಕ್ಕೆಯ ಗುಣವನ್ನು ಪ್ರಯೋಗಾಲಯ ಹೇಳಬಲ್ಲದು. ಯಾವ ಗಾಳಿಗೆ, ಯಾವ ಕ್ಷಣದಲ್ಲಿ, ಯಾವ ಆಕಾರ ತಕ್ಕದ್ದೆಂಬ ಆಯ್ಕೆಯನ್ನು ಮಾತ್ರ ಜೀವಂತ ಹಕ್ಕಿ ತನ್ನ ನೆಲೆಯಲ್ಲಿಯೇ ತೋರಿಸಬೇಕು.

ಈ ನೆಲೆಗಳೇ ಇಂದು ಕುಗ್ಗುತ್ತಿವೆ. ಬೆರಳಿನಂತೆ ಬಿಡಿಸಿದ ಗರಿತುದಿಗೆ ರಣಹದ್ದಿಗಿಂತ ಉತ್ತಮ ಉದಾಹರಣೆ ಸಿಗದು. ಆದರೆ 1990ರ ದಶಕದಿಂದೀಚೆಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದವು. ಬೇಟೆಗಾರನ ಕೋವಿಯಲ್ಲ, ದನಗಳಿಗೆ ಚುಚ್ಚಿದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದೇ ಅದಕ್ಕೆ ಮುಖ್ಯ ಕಾರಣ. ಮದ್ದು ಉಳಿದಿದ್ದ ಕಳೇಬರ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟಿತು. ಪಶುಚಿಕಿತ್ಸೆಯಲ್ಲಿ ಈ ಮದ್ದನ್ನು 2006ರಲ್ಲಿ ನಿಷೇಧಿಸಲಾಯಿತು. ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳಿಗೆ ನಿಷೇಧ ಬರಲು 2023ರವರೆಗೆ ಕಾಯಬೇಕಾಯಿತು. ಕೊಟ್ಟಿಗೆಯಲ್ಲಿ ಕೈಗೊಂಡ ತೀರ್ಮಾನ ಆಕಾಶವನ್ನು ಬರಿದು ಮಾಡಬಲ್ಲದು.

ಖಾನಾಪುರದ ಕಾಡಿನ ಮಾತೂ ಇದೇ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿಗಳಿವೆ. ಹಲವು ದಶಕಗಳ ಕಾಲ ಜಗತ್ತಿನಲ್ಲಿ ಅವುಗಳಿಗೆ ತಿಳಿದಿದ್ದುದು ಇದೊಂದೇ ನೆಲೆ. ಗರಿಯ ಬದಲು ತೊಗಲನ್ನು ಉದ್ದನೆಯ ಬೆರಳುಗಳ ನಡುವೆ ಬಿಗಿದುಕೊಂಡ ಬಾವಲಿಯ ರೆಕ್ಕೆ ಹಕ್ಕಿಯದಕ್ಕಿಂತಲೂ ಹೆಚ್ಚು ರೂಪ ತಾಳುತ್ತದೆ. ಇನ್ನು ಹಾರುವಾಗ ದೂರಕ್ಕೂ ಸದ್ದು ಕೇಳಿಸುವ ಮಂಗಟ್ಟೆ ಹಕ್ಕಿಗೆ ಗೂಡು ಮಾಡಲು ಹಳೆಯ ಹೆಮ್ಮರದ ಪೊಟರೆ ಬೇಕು. ಕಡಿದ ಹೆಮ್ಮರಕ್ಕೆ ಬದಲಾಗಿ ನೂರು ಸಸಿ ನೆಟ್ಟರೂ ನಮ್ಮ ಆಯುಷ್ಯದಲ್ಲಿ ಒಂದು ಪೊಟರೆ ಹುಟ್ಟುವುದಿಲ್ಲ.

ಹಕ್ಕಿಯಿಂದ ಕಲಿತ ವಿಮಾನ ಪರಿಸರವನ್ನು ತಾನಾಗಿ ಉಳಿಸುತ್ತದೆಂಬ ಭ್ರಮೆಯೂ ಬೇಡ. ಪ್ರತಿ ಹಾರಾಟದಲ್ಲಿ ಉಳಿದ ಇಂಧನವನ್ನು ಹೆಚ್ಚಿದ ಹಾರಾಟಗಳೇ ನುಂಗಬಹುದು. ಹಕ್ಕಿಯ ಯುಕ್ತಿಯನ್ನೆಲ್ಲ ನೂರಾರು ಜನರನ್ನು ಹೊತ್ತ ಯಂತ್ರಕ್ಕೆ ತೊಡಿಸಲೂ ಆಗದು. ಬಳಕೆಗೆ ಬಂದರೆ ಮಾತ್ರ ಹಕ್ಕಿಗೆ ಬೆಲೆಯೆಂಬುದೂ ಸಲ್ಲದ ವಾದ. ಆದರೆ ಕಾಡನ್ನು ಅಭಿವೃದ್ಧಿಯ ಅಡ್ಡಗೋಡೆಯೆಂದು ಬಣ್ಣಿಸುವವರಿಗೆ ಒಂದು ಮಾತು ಹೇಳಬೇಕು: ನೀವು ಮೆಚ್ಚುವ ತಂತ್ರಜ್ಞಾನದ ಮೂಲಪ್ರತಿ ಆ ಕಾಡಿನಲ್ಲಿದೆ, ಅದಕ್ಕೆ ನಕಲು ಇಲ್ಲ.

ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ಇಂದು ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವೇ ಇದೆ. ಪರರ ನಕ್ಷೆಗೆ ಲೋಹ ಕೊರೆಯುವ ಕೌಶಲದಿಂದ ಸ್ವಂತ ನಕ್ಷೆ ಬರೆಯುವ ಹಂತಕ್ಕೆ ಏರಬೇಕಾದರೆ ನೋಡುವ ಕಣ್ಣು ಬೇಕು. ಅದಕ್ಕೆ ಮೊದಲ ಪರಿಕರ ಒಂದು ನೋಟುಪುಸ್ತಕ: ಗಾಳಿ ಎತ್ತಣಿಂದ ಬೀಸುತ್ತಿತ್ತು, ಹಕ್ಕಿ ಏರುವಾಗ, ತಿರುಗುವಾಗ, ಇಳಿಯುವಾಗ ರೆಕ್ಕೆ ಹೇಗಿತ್ತು ಎಂದು ದಿನಾಂಕ ಹಾಕಿ ಬರೆದಿಡುವುದು. ಹಳ್ಳಿಯ ಹಿರಿಯರು ಮಾಡಬೇಕಾದದ್ದು ಎರಡು: ದನಕ್ಕೆ ನೋವಿನ ಮದ್ದು ಬೇಕಾದಾಗ ರಣಹದ್ದಿಗೆ ಅಪಾಯವಿಲ್ಲವೆಂದು ಕಂಡುಬಂದಿರುವ ಮೆಲಾಕ್ಸಿಕಾಮನ್ನು ಪಶುವೈದ್ಯರಲ್ಲಿ ಕೇಳುವುದು, ಪೊಟರೆಯುಳ್ಳ ಮರಕ್ಕೆ ಕೊಡಲಿ ಬೀಳದಂತೆ ಗ್ರಾಮಸಭೆಯಲ್ಲಿ ದನಿಯೆತ್ತುವುದು. ಇವೆರಡಕ್ಕೂ ಸರಕಾರದ ಅಪ್ಪಣೆಗಾಗಿ ಕಾಯಬೇಕಿಲ್ಲ.